ಕಣ್ಣಿನೊಳಗಣ ಕತ್ತಲನ್ನು ನೀಗಿಸಿದ ವೈದ್ಯರು: ಹೆಲ್ಮ್‌ಹೋಲ್ಟ್ಸ್ ಪಂಡಿತರ ಚರಿತ್ರೆ

ವಕ್ಕಲೇರಿಯ ಸುತ್ತಣ ಹಳ್ಳಿಗಳಲ್ಲಿಯೂ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸೀಮೆಗಳಲ್ಲಿಯೂ ಕಣ್ಣು ಮಂಜಾದ ಹಿರಿಯರಿಲ್ಲದ ಬೀದಿಗಳು ವಿರಳ. ವಯಸ್ಸಾಯಿತು, ಇನ್ನು ಮಾಡುವದೇನೆಂದು ಅನೇಕರು ಸುಮ್ಮನಿದ್ದುಬಿಡುವರು. ಕೆಲವರು ಮಾತ್ರ ಮಗನ ಅಥವಾ ಮೊಮ್ಮಗಳ ಕೈ ಹಿಡಿದುಕೊಂಡು, ಕೋಲಾರದಲ್ಲಿ 1910ರಲ್ಲಿ ಮಿಷನಿನವರು ಸ್ಥಾಪಿಸಿದ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಗಾಗಲಿ, ಶ್ರೀ ನರಸಿಂಹರಾಜ ಆಸ್ಪತ್ರೆಗಾಗಲಿ, ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಗಾಗಲಿ ಹೋಗುವರು. ಅಲ್ಲಿ ವೈದ್ಯರು ಕೋಣೆಯನ್ನು ಕತ್ತಲೆ ಮಾಡಿ, ಸಣ್ಣ ದೀಪವುಳ್ಳ ಒಂದು ಉಪಕರಣವನ್ನು ತಮ್ಮ ಕಣ್ಣಿಗೆ ಹಿಡಿದುಕೊಂಡು, ರೋಗಿಯ ಮುಖದ ಸಮೀಪಕ್ಕೆ ಬಂದು, ಕಣ್ಣಿನ ಕಪ್ಪು ಪಾಪೆಯೊಳಗೆ ಇಣಿಕಿ ನೋಡುವರು. ಇಷ್ಟು ಹೊತ್ತು ಇವರು ಏನನ್ನು ನೋಡುತ್ತಾರೆಂದು ರೋಗಿಯು ಆಶ್ಚರ್ಯಪಡುವದುಂಟು.

1850ನೆಯ ಇಸವಿಯ ತನಕ, ಜೀವವಿರುವ ಮನುಷ್ಯನ ಕಣ್ಣಿನ ಒಳಭಾಗವನ್ನು ಸ್ಪಷ್ಟವಾಗಿ ನೋಡುವ ಉಪಾಯವು ಲೋಕದ ಯಾವ ವೈದ್ಯನ ಕೈಯಲ್ಲಿಯೂ ಇರಲಿಲ್ಲ. ಆ ಉಪಾಯವನ್ನು ಕಂಡುಹಿಡಿದವರು ಕಣ್ಣಿನ ಶಸ್ತ್ರವೈದ್ಯರಲ್ಲ. ಬಡ ಉಪಾಧ್ಯಾಯನ ಮನೆಯಲ್ಲಿ ಹುಟ್ಟಿ, ಹಣವಿಲ್ಲದ ಕಾರಣ ಸೈನ್ಯದಲ್ಲಿ ಸಾಧಾರಣ ವೈದ್ಯರಾಗಿ ಸೇವೆಮಾಡಿದವರು. ಅವರ ಚರಿತ್ರೆಯನ್ನು ಈ ಸಾರಿ ಸಂಕ್ಷೇಪವಾಗಿ ತಿಳಿಸಲು ಅಪೇಕ್ಷಿಸುತ್ತೇವೆ.

ಹೆರ್ಮನ್ ಹೆಲ್ಮ್‌ಹೋಲ್ಟ್ಸರು 1821ನೆಯ ಇಸವಿ ಆಗಸ್ಟ್ 31ರಂದು, ಜರ್ಮನ್ ಸೀಮೆಯ ಪ್ರಷ್ಯ ರಾಜ್ಯದ ಪಾಟ್ಸ್‌ಡಾಮ್ ಎಂಬ ಪಟ್ಟಣದಲ್ಲಿ ಹುಟ್ಟಿದರು. ತಂದೆಯು ಅಲ್ಲಿಯ ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದರು. ಬಾಲಕ ಹೆರ್ಮನನು ಮೊದಲಿನ ಏಳು ವರುಷ ಬಹಳ ಅಶಕ್ತನಾಗಿದ್ದು, ಅನೇಕ ದಿವಸಗಳನ್ನು ಕೋಣೆಯಲ್ಲಿಯೂ ಹಾಸಿಗೆಯಲ್ಲಿಯೂ ಕಳೆದನು. ಆಗ ಅವನ ಆಟಕ್ಕೆ ಕೊಟ್ಟಿದ್ದ ಮರದ ತುಂಡುಗಳನ್ನು ಜೋಡಿಸಿ ಜೋಡಿಸಿ, ಶಾಲೆಗೆ ಹೋಗುವ ಮೊದಲೇ ರೇಖಾಗಣಿತದ ಅನೇಕ ಸಂಗತಿಗಳನ್ನು ತಾನಾಗಿಯೇ ತಿಳಿದುಕೊಂಡನು. ಆದರೆ ಬಾಯಿಪಾಠವು ಅವನಿಗೆ ಬಹು ಕಷ್ಟವಾಗಿತ್ತು. ಪದಗಳ ಪಟ್ಟಿ, ವ್ಯಾಕರಣದ ಅಪವಾದಗಳು ಇವು ಮನಸ್ಸಿನಲ್ಲಿ ನಿಲ್ಲುತ್ತಿರಲಿಲ್ಲ. ಲ್ಯಾಟಿನ್ ಪಾಠ ನಡೆಯುತ್ತಿರುವಾಗ ಮೇಜಿನ ಕೆಳಗೆ ಕಾಗದವನ್ನಿಟ್ಟುಕೊಂಡು, ದೂರದರ್ಶಕದೊಳಗೆ ಬೆಳಕಿನ ಕಿರಣಗಳು ಹೋಗುವ ದಾರಿಯನ್ನು ಲೆಕ್ಕಹಾಕುತ್ತಿದ್ದನು. ಕನ್ನಡಕದ ಗಾಜುಗಳನ್ನೂ ತಂದೆಯ ಒಂದು ಸಣ್ಣ ಭೂತಗನ್ನಡಿಯನ್ನೂ ಕೂಡಿಸಿ ನೋಡುವದು ಅವನ ಆಟವಾಗಿತ್ತು. ಬಾಯಿಪಾಠ ಬಾರದ ಮಕ್ಕಳನ್ನು ದಡ್ಡರೆಂದು ಎಣಿಸುವ ತಾಯಿತಂದೆಗಳು ಇದನ್ನು ಗಮನಿಸಬಹುದು.

ಯುವಕನ ಮನಸ್ಸೆಲ್ಲಾ ಪ್ರಕೃತಿಶಾಸ್ತ್ರದ ಮೇಲಿತ್ತು. ಆದರೆ ಆ ಶಾಸ್ತ್ರದಿಂದ ಹೊಟ್ಟೆ ತುಂಬುವ ಕಾಲವು ಅದಾಗಿರಲಿಲ್ಲ. ಓದಿಸುವದಕ್ಕೆ ತಂದೆಯಲ್ಲಿ ಹಣವೂ ಇರಲಿಲ್ಲ. ಸರಕಾರದವರು ಬರ್ಲಿನ್ ನಗರದಲ್ಲಿ ನಡಿಸುತ್ತಿದ್ದ ಒಂದು ವಿದ್ಯಾಲಯದಲ್ಲಿ ವೈದ್ಯಶಾಸ್ತ್ರವನ್ನು ಧರ್ಮಾರ್ಥವಾಗಿ ಕಲಿಸಿ, ಅದಕ್ಕೆ ಪ್ರತಿಯಾಗಿ ಎಂಟು ವರುಷ ಸೈನ್ಯದಲ್ಲಿ ವೈದ್ಯರಾಗಿ ದುಡಿಯಬೇಕೆಂದು ಕರಾರು ಮಾಡಿಸಿಕೊಳ್ಳುತ್ತಿದ್ದರು. ತಂದೆಯ ಆಲೋಚನೆಯ ಮೇರೆಗೆ ಹೆಲ್ಮ್‌ಹೋಲ್ಟ್ಸರು 1838ರಲ್ಲಿ ಆ ವಿದ್ಯಾಲಯವನ್ನು ಸೇರಿದರು. ಬಡತನವು ಇವರನ್ನು ದೂಡಿದ ಆ ದಾರಿಯೇ ಮುಂದೆ ಲಕ್ಷಾಂತರ ಜನರಿಗೆ ಉಪಕಾರವಾಯಿತು.

ಅಲ್ಲಿ ಯೋಹಾನ್ನೆಸ್ ಮ್ಯುಲ್ಲರ್ ಎಂಬ ಪ್ರಸಿದ್ಧ ಗುರುಗಳ ಬಳಿಯಲ್ಲಿ ದೇಹದ ರಚನೆಯನ್ನೂ ವ್ಯಾಪಾರವನ್ನೂ ಅಭ್ಯಾಸಮಾಡಿದರು. 1841ರಲ್ಲಿ ಕಠಿಣವಾದ ಜ್ವರಕ್ಕೆ ಸಿಕ್ಕಿ ಆಸ್ಪತ್ರೆಯಲ್ಲಿ ಮಲಗಬೇಕಾಯಿತು. ವಿದ್ಯಾರ್ಥಿಯಾದ ಕಾರಣ ಅಲ್ಲಿ ಯಾವ ಖರ್ಚೂ ತಗಲಲಿಲ್ಲ. ಗುಣಹೊಂದಿ ಎದ್ದಾಗ, ಅಷ್ಟು ದಿನ ಖರ್ಚಾಗದೆ ಕೂಡಿದ್ದ ಅಲ್ಪ ಹಣವು ಕೈಯಲ್ಲಿತ್ತು. ಅದರಿಂದ ಇವರು ಉಡಿಗೆತೊಡಿಗೆಗಳನ್ನು ಕೊಳ್ಳಲಿಲ್ಲ. ಒಂದು ಸೂಕ್ಷ್ಮದರ್ಶಕ ಯಂತ್ರವನ್ನು ಕೊಂಡರು. ಅದು ಉತ್ತಮವಾದದ್ದಲ್ಲದಿದ್ದರೂ ಅದರ ಸಹಾಯದಿಂದಲೇ ನರತಂತುಗಳನ್ನು ಪರೀಕ್ಷಿಸಿ ಪ್ರಬಂಧ ಬರೆದು, 1842ರಲ್ಲಿ ಡಾಕ್ಟರ್ ಪದವಿಯನ್ನು ಹೊಂದಿದರು. ಮುಂದಿನ ವರುಷ ಪಾಟ್ಸ್‌ಡಾಮಿನ ಸೈನ್ಯದಲ್ಲಿ ವೈದ್ಯರಾಗಿ ನೇಮಕಗೊಂಡರು.

ಹಗಲು ಸಿಪಾಯಿಗಳಿಗೆ ಮದ್ದು ಕೊಡುವದು, ಬಿಡುವಿನಲ್ಲಿ ಶಾಸ್ತ್ರವಿಚಾರ ಮಾಡುವದು, ಹೀಗೆ ಇವರ ದಿನಗಳು ಕಳೆದವು. 1847ರಲ್ಲಿ ಇವರು, ಲೋಕದಲ್ಲಿ ಶಕ್ತಿಯು ಒಂದು ರೂಪದಿಂದ ಮತ್ತೊಂದು ರೂಪಕ್ಕೆ ಮಾರ್ಪಡುವದೇ ಹೊರತು ನಾಶವಾಗುವದಿಲ್ಲವೆಂಬ ತತ್ವವನ್ನು ಗಣಿತದಿಂದ ವಿವರಿಸಿ ಬರ್ಲಿನಿನ ಪಂಡಿತರ ಸಂಘದಲ್ಲಿ ಓದಿದರು. ದೊಡ್ಡ ಪತ್ರಿಕೆಯ ಸಂಪಾದಕರು ಅದನ್ನು ಅಚ್ಚುಹಾಕಲು ಒಪ್ಪದಿದ್ದಾಗ, ಅದು ಒಂದು ಚಿಕ್ಕ ಪುಸ್ತಕವಾಗಿ ಹೊರಟಿತು. ಇಂದು ಆ ತತ್ವವನ್ನು ನಮ್ಮ ಪ್ರೌಢಶಾಲೆಯ ಮಕ್ಕಳು ಸಹ ಕಲಿಯುತ್ತಾರೆ. ಇವರ ಯೋಗ್ಯತೆಯನ್ನು ಬಲ್ಲವರು ಸೈನ್ಯದ ಕರಾರಿನಿಂದ ಇವರನ್ನು ಬೇಗನೆ ಬಿಡಿಸಿದರು. 1849ರಲ್ಲಿ ಇವರು ಕ್ಯೋನಿಗ್ಸ್‌ಬೆರ್ಗ್ ನಗರದಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕರಾಗಿ, ಅದೇ ವರುಷ ಓಲ್ಗಾ ಎಂಬ ಕನ್ನಿಕೆಯನ್ನು ಮದುವೆಯಾದರು.

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ರಾತ್ರಿವೇಳೆ ಹೊಲದ ದಾರಿಯಲ್ಲಿ ಬ್ಯಾಟರಿ ಬೆಳಕು ದನದ ಅಥವಾ ಬೆಕ್ಕಿನ ಮುಖದ ಮೇಲೆ ಬಿದ್ದರೆ, ಕಣ್ಣುಗಳು ಕೆಂಡದಂತೆ ಹೊಳೆಯುವದನ್ನು ಎಲ್ಲರೂ ನೋಡಿದ್ದೇವೆ. ಮನುಷ್ಯನ ಪಾಪೆಯಾದರೋ ಹಗಲಿರುಳೂ ಕಪ್ಪಾಗಿಯೇ ತೋರುವದು. ಅದು ಕಪ್ಪಾಗಿರುವದರಿಂದ ಒಳಗೆ ಹೋದ ಬೆಳಕೆಲ್ಲಾ ಅಲ್ಲಿಯೇ ಇಂಗಿಹೋಗುವದೆಂದು ಹಿಂದಿನವರು ಎಣಿಸಿದ್ದರು. ಇಂಗ್ಲೆಂಡಿನ ಕಮ್ಮಿಂಗ್ ಎಂಬುವರೂ ಜರ್ಮನಿಯ ಬ್ರ್ಯುಕೆ ಎಂಬುವರೂ 1846 ಮತ್ತು 1847ರಲ್ಲಿ, ಸರಿಯಾದ ಕಡೆಯಿಂದ ನೋಡಿದರೆ ಮನುಷ್ಯನ ಪಾಪೆಯೂ ಕೆಂಪಾಗಿ ಹೊಳೆಯುವದೆಂದು ತೋರಿಸಿದರು. ಆದರೆ ಆ ಹೊಳಪಿನೊಳಗೆ ಕಾಣಬೇಕಾದ ಚಿತ್ರ ಯಾವದೆಂದು ಅವರು ವಿಚಾರಿಸಲಿಲ್ಲ.

1850ರಲ್ಲಿ ಹೆಲ್ಮ್‌ಹೋಲ್ಟ್ಸರು ತಮ್ಮ ಶಿಷ್ಯರಿಗೆ ಈ ಸಂಗತಿಯನ್ನು ಬೋಧಿಸಲು ಸಿದ್ಧರಾಗುತ್ತಿರುವಾಗ ಆ ವಿಚಾರವನ್ನು ಮಾಡಿದರು. ಕಣ್ಣಿನೊಳಗೆ ಹೋದ ಬೆಳಕು ಯಾವ ದಾರಿಯಿಂದ ಹೋಯಿತೋ ಅದೇ ದಾರಿಯಿಂದ ದೀಪದ ಕಡೆಗೆ ಹಿಂದಿರುಗುವದು. ಅದನ್ನು ನೋಡಬೇಕಾದರೆ ನಮ್ಮ ಕಣ್ಣು ಆ ದಾರಿಯಲ್ಲೇ ಇರಬೇಕು. ಆದರೆ ನಾವು ಅಲ್ಲಿ ತಲೆಯಿಟ್ಟೊಡನೆ ದೀಪವು ಮರೆಯಾಗಿ ಒಳಗೆ ಕತ್ತಲಾಗುವದು.

ಇದನ್ನು ನಮ್ಮ ಸೀಮೆಯವರಿಗೆ ತಿಳಿಸುವದು ಸುಲಭ. ತೆರೆದ ಬಾವಿಗಳಲ್ಲಿ ನೀರಿದ್ದ ಕಾಲದಲ್ಲಿ, ಬಿಂದಿಗೆಯು ಬಾವಿಗೆ ಬಿದ್ದರೆ ಬಗ್ಗಿ ನೋಡಿದವರಿಗೆ ಕತ್ತಲೆಯ ಹೊರತು ಬೇರೇನೂ ಕಾಣುತ್ತಿರಲಿಲ್ಲ. ಆಗ ಒಬ್ಬರು ಕನ್ನಡಿಯನ್ನು ಹಿಡಿದು ಬಿಸಿಲನ್ನು ಬಾವಿಯ ತಳಕ್ಕೆ ತಿರುಗಿಸುವರು. ಬಿಂದಿಗೆ ಬಿದ್ದಿರುವ ಮೂಲೆ ಕಾಣುವದು. ಮತ್ತೊಬ್ಬರು ಪಾತಾಳಗರಡಿಯನ್ನು ಇಳಿಸಿ ಎತ್ತುವರು. ಹೆಲ್ಮ್‌ಹೋಲ್ಟ್ಸರ ಉಪಾಯವೂ ಅಂಥದೇ. ದೀಪವನ್ನು ರೋಗಿಯ ಪಕ್ಕದಲ್ಲಿಟ್ಟು, ತೆಳುವಾದ ಗಾಜಿನ ಬಿಲ್ಲೆಗಳನ್ನು ಓರೆಯಾಗಿ ಹಿಡಿದರು. ಗಾಜು ಸ್ವಲ್ಪ ಬೆಳಕನ್ನು ಕನ್ನಡಿಯಂತೆ ಪಾಪೆಯೊಳಗೆ ತಿರುಗಿಸಿತು. ಹಿಂದಿರುಗಿ ಬಂದ ಬೆಳಕಿನ ಒಂದು ಪಾಲನ್ನು ಕಿಟಕಿಯಂತೆ ತನ್ನ ಮೂಲಕ ಹಾಯಗೊಟ್ಟಿತು. ಆ ಗಾಜಿನ ಹಿಂದೆ ವೈದ್ಯನ ಕಣ್ಣು. ನಡುವೆ ಚಿತ್ರವನ್ನು ಸ್ಪಷ್ಟಮಾಡಲು ಒಂದು ಕನ್ನಡಕದ ಗಾಜು. ಇಷ್ಟೇ ಉಪಕರಣ.

ಕನ್ನಡಕದ ಗಾಜುಗಳು, ಸೂಕ್ಷ್ಮದರ್ಶಕಕ್ಕೆ ಬಳಸುವ ತೆಳು ಗಾಜಿನ ತುಂಡುಗಳು, ರಟ್ಟು, ಅಂಟು ಇವುಗಳಿಂದಲೇ ಅದನ್ನು ಕೂಡಿಸಿದರು. ಮೊದಮೊದಲು ಏನೂ ಸರಿಯಾಗಿ ಕಾಣಲಿಲ್ಲ. ಲೆಕ್ಕವು ಸರಿಯಾಗಿದೆಯೆಂಬ ನಿಶ್ಚಯವಿಲ್ಲದಿದ್ದರೆ ಕೈಬಿಡುತ್ತಿದ್ದೆನೆಂದು ಮುಂದೆ ಅವರೇ ಹೇಳಿಕೊಂಡರು. ಸುಮಾರು ಎಂಟು ದಿವಸ ಪ್ರಯಾಸಪಟ್ಟ ಮೇಲೆ, ಜೀವಂತ ಮನುಷ್ಯನ ಕಣ್ಣಿನ ತಳದಲ್ಲಿ ಹರಡಿರುವ ಅಕ್ಷಿಪಟವೂ ಅದರ ಮೇಲೆ ಕವಲೊಡೆದ ರಕ್ತನಾಳಗಳೂ ಅವರ ಕಣ್ಣಿಗೆ ನಿಚ್ಚಳವಾಗಿ ಕಂಡವು. ಇದಕ್ಕೆ ಪ್ರೌಢಶಾಲೆಯಲ್ಲಿ ಕಲಿತ ಬೆಳಕಿನ ಶಾಸ್ತ್ರಕ್ಕಿಂತ ಹೆಚ್ಚಿನದೇನೂ ಬೇಕಾಗಲಿಲ್ಲವೆಂದು ತಂದೆಗೆ ಕಾಗದ ಬರೆದರು. 1850ನೆಯ ಡಿಸೆಂಬರ್ 6ರಂದು ಬರ್ಲಿನಿನ ಸಂಘಕ್ಕೆ ಸಮಾಚಾರ ತಿಳಿಸಲ್ಪಟ್ಟಿತು. 1851ರಲ್ಲಿ ಉಪಕರಣದ ವರ್ಣನೆಯು ಪುಸ್ತಕವಾಗಿ ಅಚ್ಚಾಯಿತು. ಇದನ್ನೇ ಇಂದು ವೈದ್ಯರು ಆಫ್ತಾಲ್ಮೋಸ್ಕೋಪ್ ಎನ್ನುತ್ತಾರೆ, ನಾವು ನೇತ್ರದರ್ಶಕವೆನ್ನಬಹುದು.

ಎಲ್ಲರೂ ಇದನ್ನು ಕೂಡಲೇ ಸ್ವೀಕರಿಸಲಿಲ್ಲ. ರೋಗವುಳ್ಳ ಕಣ್ಣಿಗೆ ಬೆಳಕನ್ನು ಬಿಡುವದು ಅಪಾಯವೆಂದು ಒಬ್ಬ ಶಸ್ತ್ರವೈದ್ಯರು ಹೇಳಿದರಂತೆ. ತಮ್ಮ ಕಣ್ಣುಗಳು ಚೆನ್ನಾಗಿರುವದರಿಂದ ಇಂಥ ಯಂತ್ರವು ತಮಗೆ ಬೇಡವೆಂದು ಮತ್ತೊಬ್ಬರು ಅಂದರಂತೆ. ಆದರೆ ಬರ್ಲಿನಿನಲ್ಲಿ ಆಲ್ಬ್ರೆಖ್ಟ್ ಫಾನ್ ಗ್ರೇಫೆ ಎಂಬ ಯೌವನಸ್ಥ ಕಣ್ಣಿನ ವೈದ್ಯರು ಇದನ್ನು ಬಹು ಸಂತೋಷದಿಂದ ಕೈಗೆ ತೆಗೆದುಕೊಂಡರು. ಕ್ಯೋನಿಗ್ಸ್‌ಬೆರ್ಗಿನ ಉಪಕರಣಗಾರರಾದ ರೆಕೋಸ್ ಎಂಬುವರು, ಬೇರೆ ಬೇರೆ ಗಾಜುಗಳನ್ನು ಕೂಡಿಸಿದ ತಿರುಗುವ ಬಿಲ್ಲೆಯನ್ನು 1852ರಲ್ಲಿ ಅದಕ್ಕೆ ಸೇರಿಸಿದರು. ಇಂದಿನ ನೇತ್ರದರ್ಶಕದಲ್ಲಿ ವೈದ್ಯರು ಬೆರಳಿನಿಂದ ತಿರುಗಿಸುವ ಚಕ್ರವು ಅದರಿಂದಲೇ ಬಂದದ್ದು. ಅದೇ ವರುಷ ರ್ಯೂಟೆ ಎಂಬ ವೈದ್ಯರು ನಡುವೆ ರಂಧ್ರವುಳ್ಳ ಕನ್ನಡಿಯನ್ನು ಉಪಯೋಗಿಸಿದರು.

ಇದರಿಂದ ಆದ ಪ್ರಯೋಜನವೇನು? ಹಿಂದೆ ಕಣ್ಣಿನ ಹೊರಗೆ ಏನೂ ಕಾಣದೆ ದೃಷ್ಟಿ ಹೋದರೆ, ವೈದ್ಯರು ಅದಕ್ಕೆ ಒಂದೇ ಹೆಸರನ್ನಿಟ್ಟು ಕೈಚೆಲ್ಲುತ್ತಿದ್ದರು. ಈಗ ಆ ಒಂದೇ ಹೆಸರಿನ ಕೆಳಗೆ ಅಡಗಿದ್ದ ಹಲವು ರೋಗಗಳು ಬೇರೆಬೇರೆಯಾಗಿ ಕಂಡವು. ಕಣ್ಣಿನೊಳಗಣ ಒತ್ತಡ ಹೆಚ್ಚುವ ಗ್ಲಾಕೋಮ ಎಂಬ ರೋಗದಲ್ಲಿ ಶಸ್ತ್ರಚಿಕಿತ್ಸೆಯಿಂದ ದೃಷ್ಟಿಯನ್ನು ಉಳಿಸಬಹುದೆಂದು ಗ್ರೇಫೆಯವರು 1857ರಲ್ಲಿ ಪ್ರಕಟಿಸಿದರು. ಮೆದುಳಿನೊಳಗೆ ಒತ್ತಡವು ಏರಿದಾಗ ಕಣ್ಣಿನ ತಳದಲ್ಲಿ ನೇತ್ರನರದ ಮುಖವು ಊದಿಕೊಳ್ಳುವದೆಂದು 1860ರಲ್ಲಿ ವಿವರಿಸಿದರು. ಹೀಗೆ ಕಣ್ಣು ಇಡೀ ದೇಹದ ಸ್ಥಿತಿಯನ್ನು ತಿಳಿಸುವ ಕಿಟಕಿಯಾಯಿತು. ಚರ್ಮವನ್ನು ಕೊಯ್ಯದೆ ರಕ್ತನಾಳಗಳನ್ನು ನೇರವಾಗಿ ನೋಡಬಹುದಾದ ಸ್ಥಳವು ದೇಹದಲ್ಲಿ ಇದೇ.

ಹೆಲ್ಮ್‌ಹೋಲ್ಟ್ಸರು ಅಲ್ಲಿಗೇ ನಿಲ್ಲಲಿಲ್ಲ. ಕಪ್ಪೆಯ ನರದಲ್ಲಿ ಸಂದೇಶವು ಸೆಕೆಂಡಿಗೆ ಸುಮಾರು 27 ಮೀಟರು ಓಡುವದೆಂದು ಅಳೆದರು. ಕರಿಗುಡ್ಡೆಯ ಉಬ್ಬನ್ನು ಅಳೆಯುವ ಯಂತ್ರವನ್ನು ಮಾಡಿದರು. ಸಮೀಪದ ವಸ್ತುವನ್ನು ನೋಡುವಾಗ ಕಣ್ಣಿನೊಳಗಣ ಮಸೂರವು ಹೆಚ್ಚು ಉಬ್ಬುವದೆಂದು ವಿವರಿಸಿದರು. ನಲವತ್ತು ದಾಟಿದವರು ಸೂಜಿಗೆ ದಾರ ಪೋಣಿಸಲಾರದೆ ಕೈಯನ್ನು ದೂರ ಚಾಚುವದು, ಮಸೂರವು ಹಾಗೆ ಉಬ್ಬುವ ಶಕ್ತಿಯನ್ನು ಕಳೆದುಕೊಂಡದ್ದರಿಂದಲೇ. 1856ರಿಂದ 1867ರ ತನಕ, ದೃಷ್ಟಿಯ ವಿಷಯವಾದ ಮಹಾಗ್ರಂಥವನ್ನು ಮೂರು ಭಾಗಗಳಾಗಿ ಪ್ರಕಟಿಸಿದರು.

ಕೀರ್ತಿಯ ಜೊತೆಯಲ್ಲಿ ದುಃಖವೂ ಬಂತು. ಪತ್ನಿಯಾದ ಓಲ್ಗಾ ಅವರು 1859ರ ಡಿಸೆಂಬರಿನಲ್ಲಿ ಇಬ್ಬರು ಎಳೆಯ ಮಕ್ಕಳನ್ನು ಬಿಟ್ಟು ತೀರಿಕೊಂಡರು. 1861ರಲ್ಲಿ ಆನ್ನಾ ಎಂಬ ವಿದ್ಯಾವತಿಯನ್ನು ಮದುವೆಯಾದರು. ಬಾನ್, ಹೈಡೆಲ್‌ಬೆರ್ಗ್ ನಗರಗಳಲ್ಲಿ ಬೋಧಿಸಿ, 1871ರಲ್ಲಿ ಬರ್ಲಿನಿಗೆ ಪ್ರಕೃತಿಶಾಸ್ತ್ರದ ಪ್ರಾಧ್ಯಾಪಕರಾಗಿ ಬಂದರು. ಬಾಲ್ಯದ ಆಸೆಯು ಐವತ್ತನೆಯ ವಯಸ್ಸಿನಲ್ಲಿ ಕೈಗೂಡಿತು.

1886ರಲ್ಲಿ ಹೈಡೆಲ್‌ಬೆರ್ಗಿನಲ್ಲಿ ಕೂಡಿದ ಕಣ್ಣಿನ ವೈದ್ಯರು, ಕಾಲವಾಗಿದ್ದ ಗ್ರೇಫೆಯವರ ಹೆಸರಿನ ಪದಕವನ್ನು ಮೊದಲು ಇವರಿಗೇ ಅರ್ಪಿಸಿದರು. ಆಗ ಇವರು ಹೊಗಳಿಕೆಯನ್ನು ತಮ್ಮ ಮೇಲೆ ಹಾಕಿಕೊಳ್ಳಲಿಲ್ಲ. ತಾವು ಒಳ್ಳೇ ಉಳಿಯನ್ನು ಮಾಡಿಕೊಟ್ಟ ಕಮ್ಮಾರನಂತಿರುವದಾಗಿಯೂ, ಆ ಉಳಿಯಿಂದ ಕಲ್ಲಿನಲ್ಲಿ ರೂಪವನ್ನು ಕೆತ್ತಿದವರು ಗ್ರೇಫೆಯವರೇ ಎಂದೂ ಭಾವ ಬರುವಂತೆ ಮಾತಾಡಿದರು. 1893ರಲ್ಲಿ ಅಮೇರಿಕಾಕ್ಕೆ ಹೋಗಿ ಹಿಂದಿರುಗುವಾಗ ಹಡಗಿನ ಮೆಟ್ಟಲಿನಿಂದ ಬಿದ್ದು ಬಹಳ ಪೆಟ್ಟಾಯಿತು. 1894ನೆಯ ಜುಲೈಯಲ್ಲಿ ಪಾರ್ಶ್ವವಾಯು ಬಡಿದು, ಸೆಪ್ಟೆಂಬರ್ 8ರಂದು ತಮ್ಮ 73ನೆಯ ವಯಸ್ಸಿನಲ್ಲಿ ದೇಹವನ್ನು ಬಿಟ್ಟರು.

ಕಮ್ಮಾರನು ಮಾಡಿಕೊಟ್ಟ ಉಳಿಯು ಪೆಟ್ಟಿಗೆಯಲ್ಲಿಯೇ ಇದ್ದರೆ ಫಲವೇನು? ನೇತ್ರದರ್ಶಕವು ಇಂದು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ದೀಪವೂ ಬ್ಯಾಟರಿಯೂ ಅದರೊಳಗೇ ಇರುವವು. ಕಣ್ಣಿನ ವೈದ್ಯರು ಮಾತ್ರವಲ್ಲ, ಹೋಬಳಿಯ ಸಾಧಾರಣ ವೈದ್ಯರೂ ಅದನ್ನು ಉಪಯೋಗಿಸಲು ಕಲಿತಿರಬೇಕು. ಯಾಕಂದರೆ ಹಳ್ಳಿಯ ರೋಗಿಯು ಮೊದಲು ಹೋಗುವದು ಅವರ ಬಳಿಗೇ. ಕಣ್ಣನ್ನು ಕ್ರಮವಾಗಿ ಪರೀಕ್ಷಿಸುವದು ಹೇಗೆಂದು ವಾಚಕರೂ ತಿಳಿದಿರುವದು ಒಳ್ಳೇದು.

ಮೊದಲು ದೃಷ್ಟಿಯನ್ನು ಅಳೆಯಬೇಕು. ಹಾಲೆಂಡಿನ ಸ್ನೆಲ್ಲೆನ್ ಎಂಬ ವೈದ್ಯರು 1862ರಲ್ಲಿ ಮಾಡಿದ ಅಕ್ಷರಫಲಕವನ್ನು 6 ಮೀಟರು ದೂರದಲ್ಲಿ ತೂಗುಹಾಕಿ, ಒಂದು ಕಣ್ಣನ್ನು ಮುಚ್ಚಿ ಮತ್ತೊಂದರಿಂದ ಓದಿಸುವರು. ಓದುಬಾರದವರು ಒಂದು ಗುರುತಿನ ಕಾಲುಗಳು ಯಾವ ಕಡೆಗೆ ಚಾಚಿವೆಯೆಂದು ಕೈಯಿಂದ ತೋರಿಸಿದರೆ ಸಾಕು. ಎರಡು ಕಣ್ಣುಗಳನ್ನೂ ಒಟ್ಟಿಗೆ ಪರೀಕ್ಷಿಸಿದರೆ, ಒಳ್ಳೇ ಕಣ್ಣು ಕೆಟ್ಟ ಕಣ್ಣಿನ ದೋಷವನ್ನು ಮರೆಮಾಡುವದು. ಸರಿಯಾಗಿ ಕಾಣದವರಿಗೆ ಸೂಜಿಯಿಂದ ಚುಚ್ಚಿದಷ್ಟು ಸಣ್ಣ ರಂಧ್ರವುಳ್ಳ ರಟ್ಟಿನ ಮೂಲಕ ನೋಡಲು ಹೇಳುವರು. ಅದರಿಂದ ಚೆನ್ನಾಗಿ ಕಂಡರೆ ಸಾಧಾರಣವಾಗಿ ಕನ್ನಡಕವೇ ಬೇಕಾದದ್ದು. ಕಾಣದಿದ್ದರೆ ಒಳಗೆ ರೋಗವಿರಬಹುದು.

ಎರಡನೆಯದಾಗಿ, ದೀಪದಿಂದ ರೆಪ್ಪೆ, ಕರಿಗುಡ್ಡೆ, ಪಾಪೆಗಳನ್ನು ನೋಡುವರು. ಬೆಳಕು ಬಿದ್ದಾಗ ಎರಡು ಪಾಪೆಗಳೂ ಸಮವಾಗಿ ಕಿರಿದಾಗಬೇಕು. ಹೊಟ್ಟು ಅಥವಾ ಕಡ್ಡಿ ತಗಲಿ ಗಾಯವಾಗಿದ್ದರೆ, ಹಳದಿ ಬಣ್ಣದ ಒಂದು ಮದ್ದನ್ನು ಹಾಕಿ ನೀಲಿ ಬೆಳಕಿನಲ್ಲಿ ನೋಡಿದರೆ ಗಾಯವು ಹಸುರಾಗಿ ಹೊಳೆಯುವದು. ಕೊನೆಗೆ ಕೋಣೆಯನ್ನು ಕತ್ತಲೆ ಮಾಡಿ ನೇತ್ರದರ್ಶಕದಿಂದ ನೋಡುವರು. ತೋಳಿನಷ್ಟು ದೂರದಿಂದ ಪಾಪೆಯು ಕೆಂಪಾಗಿ ಹೊಳೆಯಬೇಕು. ಪೊರೆಯಿದ್ದರೆ ಆ ಕೆಂಪಿನ ನಡುವೆ ಕಪ್ಪು ನೆರಳು ಕಾಣುವದು. ಬಳಿಕ ಸಮೀಪಕ್ಕೆ ಬಂದು ನೇತ್ರನರವನ್ನೂ ರಕ್ತನಾಳಗಳನ್ನೂ ಪರೀಕ್ಷಿಸುವರು.

ಇದನ್ನು ಅಲಕ್ಷ್ಯಮಾಡಿದರೆ ಆಗುವ ನಷ್ಟವು ದೊಡ್ಡದು. ಪೊರೆಯಿಂದ ಹೋದ ದೃಷ್ಟಿಯನ್ನು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯಿಂದ ತಿರುಗಿ ಪಡೆಯಬಹುದು. ಗ್ಲಾಕೋಮದಿಂದ ಹೋದದ್ದು ಬಾರದು. ಅದು ಅನೇಕರಲ್ಲಿ ನೋವಿಲ್ಲದೆ ಪಕ್ಕದ ನೋಟವನ್ನು ಸ್ವಲ್ಪಸ್ವಲ್ಪವಾಗಿ ತಿನ್ನುತ್ತಾ ಬರುವದು. ಸಕ್ಕರೆ ಕಾಯಿಲೆಯುಳ್ಳವರ ಅಕ್ಷಿಪಟದಲ್ಲಿ, ದೃಷ್ಟಿ ಚೆನ್ನಾಗಿರುವಾಗಲೇ ರಕ್ತನಾಳಗಳು ಸೋರಲಾರಂಭಿಸಬಹುದು. ಆದುದರಿಂದ ಅವರು ವರುಷಕ್ಕೊಂದು ಸಾರಿಯಾದರೂ ಪಾಪೆಯನ್ನು ಅಗಲಮಾಡಿಸಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಮಗುವಿನ ಪಾಪೆಯು ಬೆಳ್ಳಗೆ ಹೊಳೆದರೆ ಒಂದು ದಿನವೂ ತಡಮಾಡಬಾರದು; ಅದು ಕಣ್ಣನ್ನು ಮಾತ್ರವಲ್ಲ, ಪ್ರಾಣವನ್ನೂ ತೆಗೆಯುವ ಗಡ್ಡೆಯಾಗಿರಬಹುದು. ದಿನ ತುಂಬದೆ ಹುಟ್ಟಿದ ಶಿಶುಗಳ, ಅಥವಾ 2 ಕಿಲೋಗ್ರಾಮಿಗಿಂತ ಕಡಿಮೆ ತೂಕವುಳ್ಳವುಗಳ ಕಣ್ಣುಗಳನ್ನು 30 ದಿವಸಗಳೊಳಗೆ ಪರೀಕ್ಷಿಸಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯದವರು 2008ರಿಂದ ಇದಕ್ಕಾಗಿಯೇ ಕ್ಯಾಮರಾಗಳನ್ನು ನಮ್ಮ ರಾಜ್ಯದ ಹಳ್ಳಿಗಾಡಿನ ಜಿಲ್ಲೆಗಳಿಗೆ ಕೊಂಡೊಯ್ದಿದ್ದಾರೆ. ಹೆಲ್ಮ್‌ಹೋಲ್ಟ್ಸರು ರಟ್ಟು ಅಂಟುಗಳಿಂದ ಆರಂಭಿಸಿದ ಕೆಲಸದ ಮುಂದುವರಿಕೆಯೇ ಅದು.

ಆದಕಾರಣ ವಾಚಕರಿಗೆ ನಮ್ಮ ವಿಜ್ಞಾಪನೆ ಇಷ್ಟೇ. ಸುಣ್ಣವಾಗಲಿ, ಬೆಳೆಗೆ ಸಿಂಪಡಿಸುವ ಔಷಧವಾಗಲಿ ಕಣ್ಣಿಗೆ ಬಿದ್ದರೆ, ಎಲ್ಲಕ್ಕಿಂತ ಮೊದಲು ಶುದ್ಧವಾದ ನೀರಿನಿಂದ ಅರ್ಧ ಗಂಟೆ ಬಿಡದೆ ತೊಳೆದು ಆ ಮೇಲೆ ವೈದ್ಯರ ಬಳಿಗೆ ಹೋಗಿರಿ. ಗಾಯವಾದ ಕಣ್ಣಿಗೆ ಸೊಪ್ಪಿನ ರಸವನ್ನೂ ಮೊಲೆಹಾಲನ್ನೂ ಮನೆಯಲ್ಲಿ ಉಳಿದಿದ್ದ ಹಳೆಯ ಮದ್ದನ್ನೂ ಬಿಡಬೇಡಿರಿ. ಮನೆಯಲ್ಲಿ ಒಂದೊಂದೇ ಕಣ್ಣನ್ನು ಮುಚ್ಚಿ, ಹಿರಿಯರೂ ಮಕ್ಕಳೂ ಎದುರುಮನೆಯ ಬಾಗಿಲನ್ನೋ ಗೋಡೆಯ ಪಂಚಾಂಗವನ್ನೋ ನೋಡಲಿ. ಎರಡು ಕಣ್ಣುಗಳಿಗೂ ಭೇದವಿದ್ದರೆ ವೈದ್ಯರಿಗೆ ತೋರಿಸಿರಿ. ದೃಷ್ಟಿ ಮಂಜಾಗಿದೆಯೆಂದು ಹೇಳಿದಾಗ ವೈದ್ಯರು ಕಣ್ಣಿನೊಳಗೆ ನೋಡದೆ ಬರಿಯ ಮದ್ದು ಬರೆದುಕೊಟ್ಟರೆ, ಒಳಗೆ ದೀಪ ಹಿಡಿದು ನೋಡಿರೆಂದು ವಿನಯದಿಂದ ಕೇಳಿಕೊಳ್ಳಿರಿ. ಹಾಗೆ ಕೇಳಲು ನಾಚಿಕೆಪಡಬೇಕಾದ್ದಿಲ್ಲ. ಆ ದೀಪವು 1850ರಿಂದ ಉರಿಯುತ್ತಲಿದೆ. ಅದರ ಬೆಳಕು ನಮ್ಮ ಹಳ್ಳಿಯ ಬಡವರ ಕಣ್ಣಿಗೂ ಸಲ್ಲತಕ್ಕದ್ದು.